ಪ್ರಶ್ನೋತ್ತರ: ತರ್ಕ ಓದದವರಿಗೆ ದೇವಜ್ಞಾನ ಎಷ್ಟು ದೂರ?

ಶಾಸ್ತ್ರ ಓದದ ಸಾಮಾನ್ಯ ವಿಶ್ವಾಸಿ ಅಲ್ಲಾಹನನ್ನು ಅರಿಯುವುದು ಹೇಗೆ? ಇದರ ಸುತ್ತ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಈ ಸಲ ಎತ್ತಿಕೊಂಡಿದ್ದೇವೆ. ಒಂದೇ ಅರ್ಥ ಬರುವ ಪ್ರಶ್ನೆಗಳನ್ನು ಕೂಡಿಸಿದ್ದೇವೆ.

ಪ್ರಶ್ನೆ: ತಂದೆತಾಯಿ ಹೇಳಿಕೊಟ್ಟದ್ದನ್ನು ನಂಬಿ ನಮಾಝ್ ಮಾಡುತ್ತಾ ಬಂದಿದ್ದೇನೆ. ಪುರಾವೆ ಗೊತ್ತಿಲ್ಲದೆ ನಂಬಿದವನ ಈಮಾನ್ (ವಿಶ್ವಾಸ) ಈಮಾನೇ ಅಲ್ಲ ಎಂದು ಹಿಂದಿನ ಪಂಡಿತರು ಹೇಳಿದ್ದಾರಂತೆ. ಹೌದೇ?

ಹಾಗೆಂದವರು ಇದ್ದಾರೆ. ಆದರೆ ಅವರ ಮಾತು ಅರ್ಧಕ್ಕೇ ತುಂಡಾಗಿ ನಿಮ್ಮ ಕಿವಿಗೆ ಬಿದ್ದಂತಿದೆ.

ಪುರಾವೆ ನೋಡದೆ ಇನ್ನೊಬ್ಬರ ಮಾತನ್ನು ಒಪ್ಪುವುದಕ್ಕೆ ತಕ್ಲೀದ್ ಎಂದು ಹೆಸರು, ಯೋಚಿಸಿ ನೋಡುವುದಕ್ಕೆ ನಝರ್. ಮುಅ್‌ತಝಿಲಾ ಪಂಥದ ಕಾಝಿ ಅಬ್ದುಲ್ ಜಬ್ಬಾರ್ (ನಿಧನ 1025) ಪ್ರಕಾರ ಬುದ್ಧಿ ಬಲಿತ ಮನುಷ್ಯನ ಮೇಲೆ ಬೀಳುವ ಮೊಟ್ಟಮೊದಲ ಕರ್ತವ್ಯವೇ ನಝರ್. ಮಿಕ್ಕ ಕರ್ತವ್ಯಗಳೆಲ್ಲ ಆಮೇಲೆ. ಅಶ್‌ಅರೀ ಪಂಥದ ಜುವೈನಿ (ನಿಧನ 1085) ಇನ್ನೂ ಒಂದು ಹೆಜ್ಜೆ ಹಿಂದಕ್ಕೆ ಹೋದರು: ಸರಿಯಾಗಿ ಯೋಚಿಸುತ್ತೇನೆಂದು ಸಂಕಲ್ಪ ಮಾಡುವುದೇ ಮೊದಲ ಕರ್ತವ್ಯ ಎಂದರು. ಉತ್ತರ ಆಫ್ರಿಕದ ತಿಲಿಮ್ಸಾನಿನ ಸನೂಸಿ (ನಿಧನ 1490) ತಕ್ಲೀದಿನ ವಿಷಯದಲ್ಲಿ ತುಂಬಾ ಬಿಗಿ. ಇತ್ತ ಸಮರ್ಕಂದಿನ ಮಾತುರೀದಿಯ (ನಿಧನ 944) ಪರಂಪರೆಯವರು ಮನಸ್ಸು ಗಟ್ಟಿಯಾಗಿ ಒಪ್ಪಿದ್ದರೆ ಆ ಈಮಾನ್ ಸಿಂಧು ಎನ್ನುತ್ತಾರೆ. ಯೋಚಿಸುವ ಶಕ್ತಿಯಿದ್ದೂ ಯೋಚಿಸದಿದ್ದರೆ ಅದೊಂದು ಲೋಪ, ಅಷ್ಟೇ. ನಂತರದ ಅಶ್‌ಅರೀಗಳಲ್ಲೂ ಹೆಚ್ಚಿನವರು ಬಂದು ನಿಂತದ್ದು ಇಲ್ಲಿಗೇ.

ಬಿಗಿ ಮಾತನಾಡಿದವರೂ ಪುರಾವೆಯನ್ನು ಎರಡಾಗಿ ಒಡೆದರು ಎಂಬುದು ನಿಮಗೆ ಹೇಳಿದವರ ಬಾಯಲ್ಲಿ ಬಿಟ್ಟುಹೋದ ಭಾಗ. ಎದುರಾಳಿಯ ಆಕ್ಷೇಪಕ್ಕೆಲ್ಲ ಉತ್ತರಿಸುವಷ್ಟು ಬಿಡಿಸಿ ಹೇಳುವ ಪುರಾವೆ ತಫ್ಸೀಲೀ. ಅದು ಸಮುದಾಯದಲ್ಲಿ ಕೆಲವರಿಗೆ ಗೊತ್ತಿದ್ದರೆ ಸಾಕು. ಇಜ್ಮಾಲೀ ಎಂದರೆ ಸ್ಥೂಲ ಪುರಾವೆ, ಇಷ್ಟು ಎಲ್ಲರಿಗೂ ಬೇಕು. ಇದಕ್ಕೆ ಪಂಡಿತರೇ ಕೊಡುತ್ತಾ ಬಂದ ಉದಾಹರಣೆ ಮರುಭೂಮಿಯ ಅನಾಮಿಕ ಅಲೆಮಾರಿಯೊಬ್ಬನದು. ದೇವರಿದ್ದಾನೆಂದು ನಿನಗೆ ಹೇಗೆ ಗೊತ್ತು ಎಂದು ಕೇಳಿದಾಗ ಅವನು, ಒಂಟೆಯ ಲದ್ದಿ ಒಂಟೆಯನ್ನು ತೋರಿಸುತ್ತದೆ, ಹೆಜ್ಜೆ ಗುರುತು ನಡೆದುಹೋದವನನ್ನು ತೋರಿಸುತ್ತದೆ, ನಕ್ಷತ್ರ ತುಂಬಿದ ಆಕಾಶ ಏನನ್ನೂ ತೋರಿಸುವುದಿಲ್ಲವೇ ಎಂದನಂತೆ. ಅವನಿಗೆ ತರ್ಕಶಾಸ್ತ್ರದ ಒಂದು ಪದವೂ ಬರುತ್ತಿರಲಿಲ್ಲ. ಆದರೂ ಗುರುತಿನಿಂದ ಗುರುತು ಮಾಡಿದವನ ಕಡೆಗೆ ಅವನ ಮನಸ್ಸು ದಾಟಿತು. ಅಷ್ಟಾದರೆ ಅದು ತಕ್ಲೀದ್ ಅಲ್ಲ.

ಹಾಗಾಗಿ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ನಾಳೆ ತಂದೆತಾಯಿ ಈ ನಂಬಿಕೆ ಬಿಟ್ಟರೆ ನಾನೂ ಬಿಡುತ್ತೇನೆಯೇ? ಬಿಡುವುದಿಲ್ಲ ಎಂದಾದರೆ ಅವರ ಮಾತಿನ ಹಿಂದೆ ನಿಮ್ಮದೇ ಆದ ಆಧಾರವೊಂದು ಈಗಾಗಲೇ ಇದೆ. ಅದನ್ನು ನೀವು ಬಾಯಿಬಿಟ್ಟು ಹೇಳಿಲ್ಲ ಅಷ್ಟೇ. ಯೋಚಿಸುವ ಸಂಕಲ್ಪವನ್ನೇ ಕಡ್ಡಾಯ ಮಾಡಿದ ಜುವೈನಿಯೇ ಕೊನೆಗಾಲದಲ್ಲಿ 'ನಿಶಾಪುರದ ಮುದುಕಿಯರ ನಂಬಿಕೆಯ ಮೇಲೆ ಸಾಯುತ್ತಿದ್ದೇನೆ' ಎಂದರೆಂಬ ಮಾತು ಜೀವನಚರಿತ್ರೆಗಳಲ್ಲಿ ಉಳಿದುಬಂದಿದೆ. (ಮುದುಕಿಯರ ಧರ್ಮವನ್ನು ಹಿಡಿಯಿರಿ ಎಂಬುದನ್ನು ಕೆಲವರು ಹದೀಸ್ ಎಂದೇ ಹೇಳಿಬಿಡುತ್ತಾರೆ. ಹದೀಸ್ ವಿದ್ವಾಂಸರು ಅದನ್ನು ಪ್ರವಾದಿ(ಸ)ಯವರ ಮಾತೆಂದು ಒಪ್ಪಿಲ್ಲ.)

ಪ್ರಶ್ನೆ: ಕುರ್‌ಆನ್ ಹಿಡಿದುಕೊಂಡೇ ಸಾಮಾನ್ಯನೊಬ್ಬ ದೇವರ ಇರವನ್ನು ಯೋಚಿಸಿ ತಿಳಿಯುವ ಕ್ರಮ ಇದೆಯೇ? ಹಂತ ಹಂತವಾಗಿ ತಿಳಿಸಿ.

ಇದೆ. ಕೊರ್ಡೋವಾದ ಇಬ್ನ್ ರುಶ್ದ್ (1126–1198) ಈ ಪ್ರಶ್ನೆಗೆಂದೇ ಒಂದು ಗ್ರಂಥ ಬರೆದರು. ಅದರಲ್ಲಿ ಅವರು ಮೊದಲು ಮಾಡಿದ ಕೆಲಸ ಆಗ ಚಾಲ್ತಿಯಲ್ಲಿದ್ದ ಪುರಾವೆಯೊಂದನ್ನು ಬದಿಗೆ ಸರಿಸಿದ್ದು. ಅಶ್‌ಅರೀಗಳ ಆ ವಾದಕ್ಕೆ ನಾಲ್ಕು ಮೆಟ್ಟಿಲು: ವಸ್ತುಗಳಲ್ಲಿ ಚಲನೆ, ನಿಶ್ಚಲತೆಯಂಥ ಗುಣಗಳಿವೆ; ಆ ಗುಣಗಳು ಹುಟ್ಟಿ ಅಳಿಯುವಂಥವು; ಅವು ಒಂದೂ ಇಲ್ಲದೆ ಯಾವ ವಸ್ತುವೂ ಇರಲಾರದು; ಹುಟ್ಟುವಂಥದ್ದನ್ನು ಬಿಟ್ಟಿರಲಾರದ್ದು ತಾನೂ ಒಂದು ದಿನ ಹುಟ್ಟಿದ್ದೇ. ಕೇಳಲು ಸರಾಗವಾಗಿದೆ. ನಾಲ್ಕನೆಯ ಮೆಟ್ಟಿಲಲ್ಲಿ ಕಾಲು ಜಾರುತ್ತದೆ. ಒಂದೊಂದು ಗುಣವೂ ಹುಟ್ಟಿದ್ದು ನಿಜ, ಆದರೆ ಒಂದರ ಹಿಂದೊಂದು ಮೊದಲಿಲ್ಲದೆ ಸಾಲುಗಟ್ಟಿ ಬಂದಿದ್ದರೆ? ಅದು ಅಸಾಧ್ಯವೆಂದು ಬೇರೆಯಾಗಿ ಸಾಧಿಸಬೇಕು, ಅದಕ್ಕೆ ಅನಂತದ ಲೆಕ್ಕಾಚಾರ ಬೇಕು. ಜನಸಾಮಾನ್ಯನಿಗೆ ಇದು ಎಟುಕದು, ತರ್ಕ ಬಲ್ಲವನಿಗೆ ಇದು ಸಾಲದು ಎಂಬುದು ಇಬ್ನ್ ರುಶ್ದರ ತೀರ್ಮಾನ.

ಅದರ ಬದಲಿಗೆ ಕುರ್‌ಆನ್ ತಾನೇ ಹಿಡಿದ ಎರಡು ದಾರಿಗಳನ್ನು ಅವರು ಹೆಕ್ಕಿ ತೋರಿಸಿದರು.

ಮೊದಲನೆಯದು ಇನಾಯಾ, ಅಂದರೆ ಆರೈಕೆ. ನೆಲದ ಮೇಲೊಂದು ಕಲ್ಲು ಬಿದ್ದಿದೆ ಎನ್ನಿ. ಅದರ ಆಕಾರ, ಎತ್ತರ, ಇರುವ ಜಾಗ ಮೂರೂ ಕೂರುವುದಕ್ಕೆ ಹೇಳಿಮಾಡಿಸಿದಂತಿದ್ದರೆ ಯಾರೋ ಕೂರುವುದಕ್ಕೆಂದೇ ಕಡೆದು ಇಟ್ಟಿದ್ದಾರೆ ಎನ್ನುತ್ತೀರಿ. ಹೊಂದಿಕೆಯೇನೂ ಕಾಣದಿದ್ದರೆ ಸುಮ್ಮನೆ ಬಿದ್ದ ಕಲ್ಲೆಂದು ದಾಟಿಹೋಗುತ್ತೀರಿ. ಈ ದೃಷ್ಟಾಂತ ಅವರದೇ. ಈಗ 78ನೇ ಅಧ್ಯಾಯದ 6ರಿಂದ 16ರವರೆಗಿನ ಸೂಕ್ತಗಳನ್ನು ಓದಿ: ಹಾಸಿದ ಭೂಮಿ, ಗೂಟದಂಥ ಬೆಟ್ಟ, ವಿಶ್ರಾಂತಿಗೆ ನಿದ್ದೆ, ಹೊದಿಕೆಯಂಥ ರಾತ್ರಿ, ದುಡಿಮೆಗೆ ಹಗಲು, ಉರಿಯುವ ದೀಪ, ಮಳೆ, ಕಾಳು, ತೋಟ. ಒಂದೊಂದೂ ಮನುಷ್ಯನ ಬಾಳಿಗೆ ಹೇಗೆ ಹೊಂದಿಕೊಂಡಿದೆ ಎಂದು ನೋಡುತ್ತಾ ಹೋಗಬೇಕು. ಒಂದನ್ನು ಪೂರ್ತಿ ನೋಡಿದ ಮೇಲೆ ಮುಂದಿನದಕ್ಕೆ.

ಎರಡನೆಯದು ಇಖ್ತಿರಾಅ್, ಇಲ್ಲದ್ದನ್ನು ಉಂಟುಮಾಡುವುದು. ಜೀವವಿಲ್ಲದ ವಸ್ತುವಿನಲ್ಲಿ ಜೀವ ಬಂದದ್ದು ಇದರ ಮುಖ್ಯ ಸಾಕ್ಷಿ. ಅಲ್ಲಾಹನನ್ನು ಬಿಟ್ಟು ನೀವು ಕರೆದು ಬೇಡುವವರೆಲ್ಲ ಒಟ್ಟುಗೂಡಿದರೂ ಒಂದು ನೊಣವನ್ನು ಸೃಷ್ಟಿಸಲಾರರು ಎಂಬ 22:73, ಒಂಟೆ ಹೇಗೆ ಸೃಷ್ಟಿಯಾಗಿದೆ ನೋಡುವುದಿಲ್ಲವೇ ಎಂಬ 88:17 ಈ ದಾರಿಯವು. ಇಲ್ಲಿ ಕೇಳುವ ಪ್ರಶ್ನೆ ಇದರಿಂದ ನನಗೇನು ಉಪಯೋಗ ಎಂಬುದಲ್ಲ. ಇದು ಇರುವುದಾದರೂ ಹೇಗೆ?

ಇಬ್ನ್ ರುಶ್ದರ ಅತಿ ಮುಖ್ಯ ಮಾತು ಆಮೇಲೆ ಬರುತ್ತದೆ. ಪಂಡಿತರಿಗೂ ದಾರಿ ಇವೇ ಎರಡು. ಪಾಮರ ಕಣ್ಣಿಗೆ ಬಿದ್ದಷ್ಟನ್ನು ಅರಿಯುತ್ತಾನೆ. ಪಂಡಿತ ಅದರ ಮೇಲೆ ಅಂಗಾಂಗಗಳ ರಚನೆ, ಪ್ರಯೋಜನಗಳನ್ನು ಬಿಡಿಸಿ ಅರಿಯುತ್ತಾನೆ. ಕುಶಲಕರ್ಮಿ ಮಾಡಿದ ಯಂತ್ರವನ್ನು ಇಬ್ಬರು ನೋಡಿದ ಹಾಗೆ. ಒಬ್ಬನಿಗೆ ಇದನ್ನು ಯಾರೋ ಮಾಡಿದ್ದಾರೆಂದು ಮಾತ್ರ ಗೊತ್ತು, ಇನ್ನೊಬ್ಬನಿಗೆ ಒಳಗಿನ ಕೆಲಸಗಾರಿಕೆಯೂ ಗೊತ್ತು. ಇಬ್ಬರ ಅರಿವಿನ ನಡುವೆ ಹೆಚ್ಚು ಕಡಿಮೆಯಿದೆ, ಅರಿವಿನ ಬಗೆ ಮಾತ್ರ ಒಂದೇ.

ಈ ದಾರಿಯಲ್ಲಿ ಎಡವುವ ಜಾಗಗಳು ಮೂರು. ಆರೈಕೆಯನ್ನು ನನ್ನ ಅನುಕೂಲ ಎಂದು ಓದಿಕೊಂಡವನಿಗೆ ಮೊದಲ ಕಾಯಿಲೆಯಲ್ಲೇ ಪುರಾವೆ ಕುಸಿಯುತ್ತದೆ. 78ನೇ ಅಧ್ಯಾಯ ಎಣಿಸುವುದು ಬದುಕು ಎಂಬುದೇ ಸಾಧ್ಯವಾದ ವ್ಯವಸ್ಥೆಯನ್ನು, ಒಬ್ಬೊಬ್ಬನ ಸುಖವನ್ನಲ್ಲ. ಎರಡನೆಯದು ಇನ್ನೂ ಸಾಮಾನ್ಯ: ಕಾರಣ ಗೊತ್ತಿಲ್ಲದ ಕಡೆ ಮಾತ್ರ ದೇವರನ್ನು ಇಡುವುದು. ಮಳೆಗೆ ಕಾರಣ ತಿಳಿದೊಡನೆ ಅಲ್ಲಿಂದ ದೇವರನ್ನು ಎಬ್ಬಿಸಿ ಇನ್ನೊಂದು ಮೂಲೆಗೆ ಕಳಿಸಬೇಕಾಗುತ್ತದೆ! ಇಬ್ನ್ ರುಶ್ದ್ ಇದಕ್ಕೆ ನೇರ ವಿರುದ್ಧ. ಕಾರ್ಯಕಾರಣವನ್ನು ಅಳಿಸಿದರೆ ಸೃಷ್ಟಿಯಲ್ಲಿರುವ ವಿವೇಕವೇ ಅಳಿಸಿಹೋಗುತ್ತದೆ, ಕಾರಣಗಳನ್ನು ಹೆಚ್ಚು ಬಲ್ಲವನು ಕರ್ತನನ್ನು ಹೆಚ್ಚು ಬಲ್ಲ ಎಂಬುದು ಅವರ ನಿಲುವು. ಕಡೆಯದು ಅವಸರದ ತಪ್ಪು. ಈ ದಾರಿಗಳು ಕರ್ತ ಇದ್ದಾನೆಂದು ತೋರಿಸುತ್ತವೆ. ಅವನು ಎಂಥವನು, ಯಾವುದರಂತಿದ್ದಾನೆ ಎಂಬುದಕ್ಕೆ ಇವುಗಳಲ್ಲಿ ಉತ್ತರ ಹುಡುಕಬಾರದು.

ಪ್ರಶ್ನೆ: ಎಲ್ಲಕ್ಕೂ ಕರ್ತ ಬೇಕೆಂದರೆ ದೇವರಿಗೆ ಕರ್ತ ಯಾರು? ಮಕ್ಕಳು ಕೇಳುತ್ತಾರೆ. ನನಗೆ ಉತ್ತರ ಬರುವುದಿಲ್ಲ.

ತೊಡಕಿರುವುದು ಪ್ರಶ್ನೆಯ ಮೊದಲ ಮೂರು ಪದಗಳಲ್ಲಿ. ಎಲ್ಲಕ್ಕೂ ಕರ್ತ ಬೇಕು ಎಂದು ಯಾವ ಮುಸ್ಲಿಂ ದಾರ್ಶನಿಕನೂ ಹೇಳಿಲ್ಲ. ಇರಲೂಬಹುದು, ಇಲ್ಲದಿರಲೂಬಹುದು ಎಂಬಂಥದ್ದಕ್ಕೆ ಕಾರಣ ಬೇಕು ಎಂದರು. ಅಂಥದ್ದಕ್ಕೆ ಮುಮ್ಕಿನ್ ಎಂದು ಹೆಸರು. ಇಲ್ಲದಿರಲು ಸಾಧ್ಯವೇ ಇಲ್ಲದ್ದು ವಾಜಿಬ್.

ಇಬ್ನ್ ಸೀನಾ (980–1037) ಕಟ್ಟಿದ ವಾದದ ಅಸ್ಥಿಪಂಜರ ಇಷ್ಟು. ಏನೋ ಒಂದು ಇದೆ. ಇದನ್ನು ಯಾರೂ ಅಲ್ಲಗಳೆಯಲಾರರು. ಅದು ವಾಜಿಬ್ ಆಗಿದ್ದರೆ ನಮ್ಮ ಹುಡುಕಾಟ ಅಲ್ಲಿಗೇ ಮುಗಿಯಿತು. ಮುಮ್ಕಿನ್ ಆಗಿದ್ದರೆ, ಇಲ್ಲದಿರುವ ಕಡೆಯಿಂದ ಇರುವ ಕಡೆಗೆ ತಕ್ಕಡಿ ವಾಲಿಸಿದ ಇನ್ನೊಂದು ಬೇಕು. ಅದೂ ಮುಮ್ಕಿನ್ ಆದರೆ ಮತ್ತೊಂದು. ಈ ಸಾಲು ಎಲ್ಲಿ ನಿಲ್ಲುತ್ತದೆ ಎಂದು ಇಬ್ನ್ ಸೀನಾ ಜಗ್ಗಾಡುವುದಿಲ್ಲ, ಅದೇ ಈ ವಾದದ ಸೊಗಸು. ಸಾಲು ಹತ್ತರದ್ದಿರಲಿ, ಕೊನೆಯಿಲ್ಲದ್ದಿರಲಿ, ಮುಮ್ಕಿನ್‌ಗಳನ್ನೆಲ್ಲ ಒಟ್ಟಿಗೆ ಒಂದು ರಾಶಿ ಎಂದು ಹಿಡಿಯಿರಿ. ಬಿಡಿಯಾಗಿ ತನ್ನ ಕಾಲ ಮೇಲೆ ನಿಲ್ಲಲಾರದವುಗಳ ರಾಶಿ ತನ್ನಷ್ಟಕ್ಕೆ ನಿಲ್ಲುವುದಿಲ್ಲ. ಅದನ್ನು ನಿಲ್ಲಿಸಿದ್ದು ರಾಶಿಯ ಹೊರಗಿರಬೇಕು. ಮುಮ್ಕಿನ್‌ಗಳೆಲ್ಲ ರಾಶಿಯೊಳಗೇ ಇರುವುದರಿಂದ ಹೊರಗಿರುವುದು ವಾಜಿಬ್. ಅದಕ್ಕೆ ಕರ್ತ ಯಾರು ಎಂದು ಕೇಳುವುದು, ಇಲ್ಲದಿರಲು ಸಾಧ್ಯವೇ ಇಲ್ಲದ್ದನ್ನು ಇರುವಂತೆ ಮಾಡಿದವರಾರು ಎಂದು ಕೇಳಿದಂತೆ. ಪ್ರಶ್ನೆ ತನ್ನನ್ನೇ ಕಡಿದುಕೊಳ್ಳುತ್ತದೆ.

ಮಕ್ಕಳಿಗೆ ಇಷ್ಟು ಉದ್ದ ಬೇಡ. ದೀಪದಿಂದ ದೀಪ ಹಚ್ಚುತ್ತಾ ಹೋಗಬಹುದು, ಆದರೆ ಯಾವ ದೀಪವೂ ತಾನಾಗಿ ಹೊತ್ತಿಕೊಳ್ಳದಿದ್ದರೆ ಸಾಲೆಷ್ಟೇ ಉದ್ದವಿದ್ದರೂ ಬೆಂಕಿ ಎಲ್ಲಿಂದ ಬಂತು ಎಂಬುದು ಹಾಗೇ ಉಳಿಯುತ್ತದೆ ಎಂದರೆ ಸಾಕು.

ಒಂದು ಎಚ್ಚರಿಕೆ. ಈ ವಾದ ನಿಮ್ಮನ್ನು ವಾಜಿಬ್ ತನಕ ಮಾತ್ರ ತರುತ್ತದೆ. ಪ್ರಾರ್ಥನೆ ಕೇಳುವ, ಕ್ಷಮಿಸುವ ಅಲ್ಲಾಹನ ತನಕ ಹೋಗುವುದಕ್ಕೆ ಇನ್ನೂ ದಾರಿಯಿದೆ. ಇಮಾಮ್ ಗಝ್ಝಾಲಿ (1058–1111) ಇಬ್ನ್ ಸೀನಾರಂಥ ತತ್ವಜ್ಞಾನಿಗಳ ಮೇಲೆ 20 ವಿಷಯಗಳಲ್ಲಿ ಆಕ್ಷೇಪ ಹೂಡಿ, 3ನ್ನು ಧರ್ಮದ ಹೊರಗೆ ಒಯ್ಯುವಂಥವು ಎಂದರು. ಆ ಮೂರರಲ್ಲಿ ಒಂದು, ದೇವರು ಬಿಡಿಬಿಡಿ ಸಂಗತಿಗಳನ್ನು ಬಿಡಿಬಿಡಿಯಾಗಿ ಅರಿಯುವುದಿಲ್ಲ ಎಂಬ ತತ್ವಜ್ಞಾನಿಗಳ ಮಾತು. ಮಿಕ್ಕೆರಡು, ಜಗತ್ತು ಅನಾದಿ ಎಂಬುದು ಮತ್ತು ದೇಹಸಮೇತ ಪುನರುತ್ಥಾನದ ನಿರಾಕರಣೆ. ಕಷ್ಟದಲ್ಲಿ ಕೈಯೆತ್ತಿ ಬೇಡುವವನಿಗೆ ಮೊದಲನೆಯದೇ ದೊಡ್ಡ ಪೆಟ್ಟು.

ಪ್ರಶ್ನೆ: ಒಬ್ಬನೇ ಎಂಬುದಕ್ಕೂ ಇಷ್ಟೇ ಸರಳ ಪುರಾವೆ ಇದೆಯೇ?

21:22 ಓದಿ: ಭೂಮ್ಯಾಕಾಶಗಳಲ್ಲಿ ಅಲ್ಲಾಹನಲ್ಲದೆ ಬೇರೆ ದೇವರುಗಳಿದ್ದಿದ್ದರೆ ಅವೆರಡೂ ಕೆಟ್ಟುಹೋಗುತ್ತಿದ್ದವು. ಒಂದೇ ಊರಿಗೆ, ಒಂದೇ ಕೆಲಸಕ್ಕೆ ಇಬ್ಬರು ರಾಜರಿದ್ದರೆ ಊರು ಹಾಳಾಗುತ್ತದೆ, ಇಲ್ಲವೇ ಒಬ್ಬ ಸುಮ್ಮನೆ ಕೂರಬೇಕಾಗುತ್ತದೆ. ಸುಮ್ಮನೆ ಕೂತವನು ದೇವರಲ್ಲ. ಇಬ್ನ್ ರುಶ್ದ್ ಈ ಸೂಕ್ತವನ್ನು ಬಿಡಿಸುವುದು ಹೀಗೆ. ಇದಕ್ಕಿಂತ ಹೆಚ್ಚು ಬೆಳೆಸುವ ಅಗತ್ಯ ನಮಗೂ ಕಾಣುವುದಿಲ್ಲ.

ಪ್ರಶ್ನೆ: ಅಲ್ಲಾಹನ 'ಕೈ', 'ಸಿಂಹಾಸನದ ಮೇಲೆ ನೆಲೆಗೊಂಡನು' ಎಂಬಂಥ ಮಾತುಗಳನ್ನು ಓದುವಾಗ ಮನಸ್ಸಿನಲ್ಲಿ ಚಿತ್ರ ಮೂಡುತ್ತದೆ. ಶಾಸ್ತ್ರ ಗೊತ್ತಿಲ್ಲದವರು ಏನು ಮಾಡಬೇಕು?

ಇಮಾಮ್ ಗಝ್ಝಾಲಿ ಬದುಕಿನ ಕೊನೆಯ ದಿನಗಳಲ್ಲಿ ಬರೆದದ್ದು ಇದೇ ವಿಷಯದ ಮೇಲೆ. ಸಾಮಾನ್ಯನಿಗೆ ಅವರು ಏಳು ಕರ್ತವ್ಯ ಹೇಳಿದರು.

ಮೊದಲನೆಯದು ತಕ್ದೀಸ್: ದೇಹದ ಕಲ್ಪನೆಯನ್ನು ಅಲ್ಲಾಹನಿಂದ ದೂರವಿಡುವುದು. 'ಊರು ಅಮೀರನ ಕೈಯಲ್ಲಿದೆ' ಎನ್ನುತ್ತೇವಲ್ಲ, ಆ ಅಮೀರನ ಕೈ ಕತ್ತರಿಸಿಹೋಗಿದ್ದರೂ ಮಾತು ಸರಿಯಾಗಿಯೇ ಇರುತ್ತದೆ ಎಂಬುದು ಅವರ ಉದಾಹರಣೆ. ಅಂದರೆ ಮಾಂಸ ಮೂಳೆಯ ಕೈಯಲ್ಲದೆ ಬೇರೆ ಅರ್ಥವೂ ಆ ಪದಕ್ಕಿದೆ ಎಂದು ನಿಮಗೆ ಆಗಲೇ ಗೊತ್ತು. ಯಾವ ಅರ್ಥ ಎಂದು ನೀವು ನಿರ್ಧರಿಸಬೇಕಾಗಿಲ್ಲ, ಮಾಂಸ ಮೂಳೆಯಲ್ಲ ಎಂದಷ್ಟು ಗಟ್ಟಿಮಾಡಿಕೊಳ್ಳಿ. ಎರಡನೆಯದು, ಹೇಳಿದ್ದು ಹೇಳಿದವನು ಉದ್ದೇಶಿಸಿದ ಅರ್ಥದಲ್ಲಿ ಸತ್ಯ ಎಂದು ಒಪ್ಪುವುದು. ಆ ಅರ್ಥ ತನ್ನ ಅಳವಿನದಲ್ಲ ಎಂದು ಒಪ್ಪಿಕೊಳ್ಳುವುದು ಮೂರನೆಯದು. ಅದರ ಬಗ್ಗೆ ಪ್ರಶ್ನೆ ಎಬ್ಬಿಸದಿರುವುದು ನಾಲ್ಕು.

ಐದನೆಯದು ಇಮ್ಸಾಕ್, ಪದಗಳನ್ನು ಕದಲಿಸದಿರುವುದು. ಇದರಲ್ಲಿ ಗಝ್ಝಾಲಿಯ ಸೂಕ್ಷ್ಮ ನೋಡಬೇಕು. ಒಂದು ಸೂಕ್ತದಲ್ಲಿ ಕೈ, ಇನ್ನೆಲ್ಲೋ ಮುಖ, ಮತ್ತೆಲ್ಲೋ ಕಣ್ಣು ಎಂಬ ಪದಗಳು ಬಂದಿವೆ. ಬಂದ ಕಡೆಯಲ್ಲಿ ಹಿಂದುಮುಂದಿನ ಮಾತು ಅವುಗಳ ಅರ್ಥವನ್ನು ಕಾಯುತ್ತದೆ. ಅವನ್ನೆಲ್ಲ ಕಿತ್ತು ತಂದು ಒಂದೇ ಪಟ್ಟಿಯಲ್ಲಿ ಜೋಡಿಸಿದರೆ? ಬಿಡಿಯಾಗಿದ್ದಾಗ ಇಲ್ಲದ ದೇಹವೊಂದು ಆ ಪಟ್ಟಿಯಲ್ಲಿ ಎದ್ದು ನಿಲ್ಲುತ್ತದೆ. ನಿಮ್ಮ ಮನಸ್ಸಿನ ಚಿತ್ರದ ಮೂಲ ಇಂಥ ಜೋಡಣೆಯೂ ಇರಬಹುದು. 'ನೆಲೆಗೊಂಡನು' ಎಂದಿರುವುದನ್ನು 'ನೆಲೆಗೊಂಡಿರುವವನು' ಎಂದು ತಿರುಗಿಸುವುದನ್ನೂ ಅವರು ಒಪ್ಪುವುದಿಲ್ಲ.

ಆರನೆಯದು ಮನಸ್ಸನ್ನೂ ತಡೆಯುವುದು. ತಡೆಯಲಾಗದಿದ್ದರೆ? ನಮಾಝ್, ಕುರ್‌ಆನ್ ಪಾರಾಯಣದಲ್ಲಿ ತೊಡಗಿ. ಆಗದಿದ್ದರೆ ಬೇರೊಂದು ವಿದ್ಯೆಯಲ್ಲಿ. ಅದೂ ಆಗದಿದ್ದರೆ ಉಳುಮೆ, ನೇಯ್ಗೆಯಂಥ ಕೈಕೆಲಸದಲ್ಲಿ. ಅದೂ ಇಲ್ಲದಿದ್ದರೆ ಆಟದಲ್ಲಾದರೂ ತೊಡಗಿ, ಈಜು ಬಾರದೆ ಈ ಕಡಲಿಗೆ ಹಾರುವುದಕ್ಕಿಂತ ಅದೇ ಲೇಸು ಎಂದು ಬರೆಯುತ್ತಾರೆ. ಏಳನೆಯದು ಬಲ್ಲವರಿಗೆ ಬಿಟ್ಟುಕೊಡುವುದು.

ಇಷ್ಟನ್ನು ಓದಿ ಪಾಮರರ ಬಾಯಿ ಮುಚ್ಚಿಸುವ ತಂತ್ರ ಎಂದು ಸಿಟ್ಟಾಗುವವರಿದ್ದಾರೆ. ಆದರೆ ಗಝ್ಝಾಲಿಯ 'ಪಾಮರ' ಯಾರು ಎಂದು ನೋಡಿದರೆ ಸಿಟ್ಟು ಇಳಿಯುತ್ತದೆ. ವೈಯಾಕರಣಿ, ಹದೀಸ್ ವಿದ್ವಾಂಸ, ಕುರ್‌ಆನ್ ವ್ಯಾಖ್ಯಾನಕಾರ, ಫಿಕ್‌ಹ್ (ಧಾರ್ಮಿಕ ಕಾನೂನು) ಪಂಡಿತ, ಕಲಾಂ (ನಂಬಿಕೆಯನ್ನು ತರ್ಕದಿಂದ ಸಾಧಿಸುವ ಶಾಸ್ತ್ರ) ಪಂಡಿತ, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ! ಲೌಕಿಕ ಬಿಟ್ಟು ಆ ಕಡಲಲ್ಲಿ ಈಜುವುದಕ್ಕೆಂದೇ ಬಾಳು ಮುಡಿಪಿಟ್ಟ ಬೆರಳೆಣಿಕೆಯ ಜನ ಮಾತ್ರ ಹೊರಗೆ.

ಇಬ್ನ್ ರುಶ್ದ್ ಇದೇ ತೊಡಕಿಗೆ ಬೇರೆ ಮದ್ದು ಕೊಟ್ಟರು. ದೇವರಿಗೆ ದೇಹವಿದೆಯೇ ಎಂದು ಜನ ಕೇಳಿದರೆ ಇದೆ ಎಂದೂ ಇಲ್ಲ ಎಂದೂ ಹೇಳಬೇಡಿ, 'ಅವನಂಥದ್ದು ಯಾವುದೂ ಇಲ್ಲ' ಎಂಬ 42:11ನ್ನು ಹೇಳಿ. ಹಾಗಾದರೆ ಅವನು ಏನು ಎಂದರೆ 24:35ರಂತೆ 'ಬೆಳಕು' ಎನ್ನಿ. ಕಾರಣ: ದೇಹವಿಲ್ಲ ಎಂದರೆ ಹೆಚ್ಚಿನವರ ಮನಸ್ಸಿಗೆ ಅದು 'ಇಲ್ಲವೇ ಇಲ್ಲ' ಎಂದು ಕೇಳಿಸುತ್ತದೆ. ಬೆಳಕಾದರೋ ಕಣ್ಣಿಗೆ ಗೊತ್ತು, ಕೈಗೆ ಸಿಗದು. ಆಗ ಆಳುತ್ತಿದ್ದ ಅಲ್‌ಮೊಹದರ ಅಧಿಕೃತ ನಿಲುವು ದೇಹ ಕಲ್ಪನೆಯ ಕಡು ನಿರಾಕರಣೆಯಾಗಿತ್ತು ಎಂಬುದನ್ನು ನೆನೆದರೆ ಅವರ ಈ ಮಾತಿನ ಧೈರ್ಯ ತಿಳಿಯುತ್ತದೆ. ನಮ್ಮ ಮಟ್ಟಿಗೆ, ಚಿತ್ರ ಮೂಡುವ ಮನಸ್ಸಿಗೆ ಈ ಮದ್ದೇ ಬೇಗ ನಾಟುತ್ತದೆ.

ಪ್ರಶ್ನೆ: ತತ್ವಜ್ಞಾನಿಗಳು ಸತ್ಯವನ್ನು ತಮಗಿಟ್ಟುಕೊಂಡು ಜನರಿಗೆ ಕತೆ ಕೊಟ್ಟರು ಎನ್ನುತ್ತಾರಲ್ಲ?

ಆರೋಪದಲ್ಲಿ ಹುರುಳಿದೆ. ಅಲ್-ಫಾರಾಬಿ (ನಿಧನ 950) ಪ್ರಕಾರ ತತ್ವಜ್ಞಾನಿ ಯಾವುದನ್ನು ಪುರಾವೆಯಿಂದ ಅರಿಯುತ್ತಾನೋ ಅದನ್ನೇ ಧರ್ಮ ರೂಪಕಗಳಲ್ಲಿ ಜನರ ಮುಂದಿಡುತ್ತದೆ. ಇಬ್ನ್ ಸೀನಾ ಕೂಡ, ದೇವರು ಒಬ್ಬ, ಸತ್ಯ, ಅವನಿಗೆ ಸಾಟಿಯಿಲ್ಲ ಎಂಬುದಕ್ಕಿಂತ ಹೆಚ್ಚಿನದನ್ನು ಪ್ರವಾದಿ ಜನರ ಮೇಲೆ ಹೇರಬಾರದು, ಜಾಗದಲ್ಲಿಲ್ಲದ ಇರವು ಎಂಬಂಥ ಮಾತು ಅವರನ್ನು ಗೊಂದಲಕ್ಕೆ ಕೆಡವುತ್ತದೆ ಎಂದರು. ಇಬ್ನ್ ತುಫೈಲ್ (ನಿಧನ 1185) ಇದನ್ನೇ ಕಥೆ ಮಾಡಿದರು. ನಿರ್ಜನ ದ್ವೀಪದಲ್ಲಿ ಜಿಂಕೆಯ ಹಾಲು ಕುಡಿದು ಬೆಳೆದ ಹಯ್, ಸತ್ತ ಜಿಂಕೆಯ ಎದೆ ಸೀಳಿ ಹೃದಯ ನೋಡಿದಲ್ಲಿಂದ ಶುರುಮಾಡಿ, ಯಾರ ಉಪದೇಶವೂ ಇಲ್ಲದೆ ದೇವರ ಅರಿವಿಗೆ ಏರುತ್ತಾನೆ. ಆಮೇಲೆ ಜನರಿರುವ ದ್ವೀಪಕ್ಕೆ ಹೋಗಿ ಕಲಿಸಲು ಹೊರಟರೆ ಜನ ಬೇಸರಪಡುತ್ತಾರೆ, ಮುನಿಯುತ್ತಾರೆ. ನಿಮ್ಮ ಹಿರಿಯರ ದಾರಿಯನ್ನೇ ಬಿಗಿಯಾಗಿ ಹಿಡಿಯಿರಿ ಎಂದು ಹೇಳಿ ಅವನು ತನ್ನ ದ್ವೀಪಕ್ಕೆ ಮರಳುತ್ತಾನೆ.

ಇದರಲ್ಲಿ ಮೇಲರಿಮೆಯ ವಾಸನೆ ಇಲ್ಲವೆನ್ನಲಾಗದು. ಇಬ್ನ್ ರುಶ್ದ್ ಕೊಡುವ ಕಾರಣ ಮಾತ್ರ ತೂಕದ್ದು. ವೈದ್ಯನೊಬ್ಬ ಜನರಿಗೆ ಪಥ್ಯ ಹೇಳಿ ಆರೋಗ್ಯ ಕಾಯುತ್ತಿದ್ದಾನೆ. ಇನ್ನೊಬ್ಬ ಬಂದು ಆ ಮಾತುಗಳಿಗೆ ಒಳಾರ್ಥ ಬೇರೆಯಿದೆ ಎಂದು ಬಿಡಿಸಲು ಕೂರುತ್ತಾನೆ. ಒಳಾರ್ಥ ಹಿಡಿಯುವಷ್ಟು ವೈದ್ಯಶಾಸ್ತ್ರ ಜನರಿಗೆ ಗೊತ್ತಿಲ್ಲ, ಪಥ್ಯದ ಮೇಲಿನ ನಂಬಿಕೆ ಮಾತ್ರ ಹೋಯಿತು. ಅವರು ವೈದ್ಯರೂ ಆಗಲಿಲ್ಲ, ಆರೋಗ್ಯವಂತರಾಗಿಯೂ ಉಳಿಯಲಿಲ್ಲ. ಒಬ್ಬರು ಪ್ರವಚನದ ಮಾತಿಗೆ, ಒಬ್ಬರು ವಾದಕ್ಕೆ, ಒಬ್ಬರು ಕಟ್ಟುನಿಟ್ಟಿನ ಪುರಾವೆಗೆ ಒಲಿಯುತ್ತಾರೆ. ಒಬ್ಬರ ಪಾಲಿನದ್ದನ್ನು ಇನ್ನೊಬ್ಬರ ತಟ್ಟೆಗೆ ಬಡಿಸಿದರೆ ಅಜೀರ್ಣ. ಅವರ ದೂರು ಜನರ ಮೇಲಲ್ಲ, ಬಡಿಸಿದವರ ಮೇಲೆ.

ಗಝ್ಝಾಲಿ ಮತ್ತು ಇಬ್ನ್ ರುಶ್ದ್ ಎಷ್ಟು ವಿಷಯಗಳಲ್ಲಿ ಜಗಳವಾಡಿದರೂ ಇಲ್ಲಿ ಒಂದೇ. ವಾದಸರಣಿ ಕಲಿಸಿ ಮಗುವಿನ ನಂಬಿಕೆ ಗಟ್ಟಿಮಾಡಲು ಹೊರಡುವುದು, ಗಿಡ ಬಲವಾಗಲಿ ಎಂದು ಕಬ್ಬಿಣದ ಸುತ್ತಿಗೆಯಿಂದ ಬಡಿದಂತೆ ಎಂದು ಗಝ್ಝಾಲಿ ಬರೆದಿದ್ದಾರೆ. ಗಿಡಕ್ಕೆ ನೀರು ಬೇಕು. ಅವರ ಲೆಕ್ಕದಲ್ಲಿ ನೀರೆಂದರೆ ಕುರ್‌ಆನ್ ಪಾರಾಯಣ, ಅದರ ಅರ್ಥ, ಹದೀಸ್, ಆರಾಧನೆ, ಸಜ್ಜನರ ಸಹವಾಸ.

ಪ್ರಶ್ನೆ: ಇಲ್ಮ್‌ಗೂ (ಕಲಿತು ಬಂದ ಅರಿವು) ಮಅ್‌ರಿಫತ್‌ಗೂ (ಕಂಡು ಬಂದ ಅರಿವು) ಏನು ವ್ಯತ್ಯಾಸ?

ಗಝ್ಝಾಲಿಯ ಮನೆಯ ದೃಷ್ಟಾಂತ ಸಾಕು. ಝೈದ್ ಮನೆಯೊಳಗಿದ್ದಾನೆ ಎಂದು ಎಂದೂ ಸುಳ್ಳಾಡದವನೊಬ್ಬ ಹೇಳಿದ, ನಂಬಿದಿರಿ. ಇದು ಸಾಮಾನ್ಯನ ಈಮಾನ್. ಗೋಡೆಯಾಚೆಯಿಂದ ಝೈದನ ದನಿ ಕೇಳಿತು, ಇದ್ದಾನೆಂದು ತೀರ್ಮಾನಿಸಿದಿರಿ. ಇದು ಕಲಾಂ ಪಂಡಿತನದು. ತಪ್ಪುವ ಸಾಧ್ಯತೆ ಇಲ್ಲೂ ಇದೆ, ದನಿಯಂಥ ದನಿ ಇರುತ್ತದಲ್ಲ. ಬಾಗಿಲು ದಾಟಿ ಒಳಗೆ ಹೋಗಿ ಕಣ್ಣಾರೆ ಕಂಡಿರಿ. ಇದು ಮಅ್‌ರಿಫತ್. ಕಂಡವರಲ್ಲೂ ಅಂಗಳದಲ್ಲಿ ಬಿಸಿಲಿನಲ್ಲಿ ಹತ್ತಿರದಿಂದ ಕಂಡವರು, ದೂರದಿಂದ ಮುಸ್ಸಂಜೆಯಲ್ಲಿ ಕಂಡವರು ಎಂದು ಭೇದವಿದೆ.

ಓದುವಾಗ ತಪ್ಪಿಹೋಗುವ ಒಂದು ಅಂಶ: ಪಂಡಿತನ ಸ್ಥಾನವನ್ನು ಗಝ್ಝಾಲಿ ಸಾಮಾನ್ಯನಿಂದ ತುಂಬ ಮೇಲಿಟ್ಟಿಲ್ಲ. ಇಬ್ಬರೂ ಇರುವುದು ಗೋಡೆಯ ಹೊರಗೇ.

ಪ್ರಶ್ನೆ: ಹಾಗಾದರೆ ಬಾಗಿಲು ದಾಟಲು ನನ್ನಂಥ ದುಡಿದು ತಿನ್ನುವವನು ದಿನಾ ಮಾಡಬಹುದಾದದ್ದು ಏನಾದರೂ ಇದೆಯೇ?

ಎರಡು ಅಭ್ಯಾಸ ಹೇಳುತ್ತೇವೆ, ಎರಡೂ ಗಝ್ಝಾಲಿಯವು.

ಒಂದು ತಫಕ್ಕುರ್. ಸುಮ್ಮನೆ ಕಣ್ಣುಮುಚ್ಚಿ ಕೂರುವುದಕ್ಕೆ ಆ ಹೆಸರಲ್ಲ. ಗೊತ್ತಿರುವ ಎರಡು ಸಂಗತಿಗಳನ್ನು ಎದೆಯಲ್ಲಿ ಅಕ್ಕಪಕ್ಕ ಇಟ್ಟು ಮೂರನೆಯದನ್ನು ಹುಟ್ಟಿಸುವುದು ತಫಕ್ಕುರ್. ಬಾಳುವಂಥದ್ದೇ ಆರಿಸತಕ್ಕದ್ದು, ಪರಲೋಕ ಬಾಳುವಂಥದ್ದು, ಆದ್ದರಿಂದ ಪರಲೋಕವೇ ಆರಿಸತಕ್ಕದ್ದು. ಮೊದಲೆರಡನ್ನು ನೆನೆದು ಮೂರನೆಯದಕ್ಕೆ ದಾಟದಿದ್ದರೆ ಅದು ಬರೀ ಸ್ಮರಣೆ. ಹೆಚ್ಚಿನವರು ನಿಂತುಬಿಡುವುದು ಇಲ್ಲೇ. ಚಿಂತನೆಗೆ ವಸ್ತು ಮೊದಲು ತಾನು: ತನ್ನ ತಪ್ಪುಗಳು, ಕೆಡಿಸುವ ಹತ್ತು ಗುಣ, ಕಾಯುವ ಹತ್ತು ಗುಣ. ಒಂದು ಸಲಕ್ಕೆ ಒಂದು ಗುಣ ಹಿಡಿದು, ಅದು ತನ್ನಲ್ಲಿದೆಯೇ ಎಂದು ಹುಡುಕಿ, ಅಳಿಸಿ ಮುಂದಿನದಕ್ಕೆ ಹೋಗಬೇಕು. ಆಮೇಲೆ ಸೃಷ್ಟಿ, ಒಂದು ಹನಿ ವೀರ್ಯದಿಂದ ಕಣ್ಣು, ಕಿವಿ, ಎಲುಬು ಆದ ಬಗೆಯಿಂದ ಶುರುಮಾಡಿ. ಅಲ್ಲಾಹನ ಸ್ವರೂಪದ ಕಡೆಗೆ ಯೋಚನೆ ತಿರುಗಿಸಬಾರದು. ಸೂರ್ಯನನ್ನೇ ನೋಡಲು ಹೋದ ಕಣ್ಣು ಸೂರ್ಯನನ್ನೂ ಕಾಣದು, ಬೆಳಕಲ್ಲಿರುವುದನ್ನೂ ಕಾಣದು.

ಇನ್ನೊಂದು ನಾಮಗಳು. 99 ನಾಮಗಳಿವೆ ಎಂಬ ಹದೀಸ್ ಬುಖಾರಿ, ಮುಸ್ಲಿಂ ಎಂಬ ಎರಡೂ ಹದೀಸ್ ಸಂಗ್ರಹಗಳಲ್ಲಿದೆ. ಎಲ್ಲರಿಗೂ ಪರಿಚಿತವಾದ ಪಟ್ಟಿ ತಿರ್ಮಿದಿ ಎಂಬ ಇನ್ನೊಂದು ಸಂಗ್ರಹದಲ್ಲಿ ಬರುತ್ತದೆ. ಎಣಿಸಿ ಮುಗಿಸುವುದು ಗುರಿಯಲ್ಲ. ಒಂದೊಂದು ನಾಮದಲ್ಲೂ ಮನುಷ್ಯನಿಗೆ ಒಂದು ಪಾಲಿದೆ ಎನ್ನುತ್ತಾರೆ ಗಝ್ಝಾಲಿ. 'ಅರ್‌ರಹೀಮ್' ಎಂಬುದರಲ್ಲಿ ನಿಮ್ಮ ಪಾಲು, ಕಣ್ಣಿಗೆ ಬಿದ್ದ ಬಡವನ ಕೊರತೆಯನ್ನು ಕೈಲಾದಷ್ಟು ನೀಗಿಸದೆ ಬಿಡದಿರುವುದು. 'ಅರ್‌ರಹ್ಮಾನ್'ನಲ್ಲಿ, ದಾರಿ ತಪ್ಪಿದವನನ್ನು ಗದರದೆ ಮೆಲ್ಲಗೆ ತಿರುಗಿಸುವುದು, ಅವನನ್ನು ಕೀಳಾಗಿ ಕಾಣದಿರುವುದು. ಕರುಣೆಯನ್ನು ಮಾಡಿ ನೋಡಿದವನಿಗೆ ಆ ಪದ ಅರ್ಥವಾಗುವ ಬಗೆ ಬೇರೆ. ಪುಸ್ತಕ ಬಾರದವನಿಗೂ ತೆರೆದ ದಾರಿಯಿದು.

ಪ್ರಶ್ನೆ: ಅಲ್ಲಾಹನ 20 ಗುಣಗಳನ್ನು ಬಾಯಿಪಾಠ ಮಾಡಿದರೆ ದೇವಜ್ಞಾನ ಬಂದಂತೆಯೇ?

ಆ ಪಟ್ಟಿ ಮೊದಲು ಹೇಳಿದ ಸನೂಸಿಯದು: ಇರವು 1, ಅಲ್ಲ ಎಂದು ಹೇಳುವಂಥವು 5 (ಅನಾದಿತ್ವ, ಅನಂತತ್ವ, ಸೃಷ್ಟಿಗಿಂತ ಭಿನ್ನತೆ, ಸ್ವಾವಲಂಬನೆ, ಏಕತ್ವ), ಶಕ್ತಿ, ಇಚ್ಛೆ, ಜ್ಞಾನ, ಜೀವ, ಶ್ರವಣ, ದೃಷ್ಟಿ, ವಾಕ್ಕು ಎಂಬ 7, ಆ ಏಳನ್ನು ಹೊಂದಿರುವಿಕೆ ಎಂಬ ಇನ್ನೊಂದು 7. ಇವಕ್ಕೆ ವಿರುದ್ಧವಾದ 20 ಅಸಾಧ್ಯ; ಯಾವ ಮುಮ್ಕಿನ್‌ನನ್ನಾದರೂ ಮಾಡುವುದು ಅಥವಾ ಬಿಡುವುದು ಅವನಿಗೆ ಸಾಧ್ಯ ಎಂಬುದು 1. ಒಟ್ಟು 41.

ಬಾಯಿಪಾಠ ನಕಾಶೆ ಇದ್ದಂತೆ, ಪ್ರಯಾಣವಲ್ಲ. ತಕ್ಲೀದಿಗೆ ಅಷ್ಟು ಬಿಗಿಯಾಗಿದ್ದ ಸನೂಸಿಯ ಪಟ್ಟಿಯನ್ನೇ ಪುರಾವೆ ಬಿಟ್ಟು ಉರುಹೊಡೆದರೆ ಅದೂ ತಕ್ಲೀದೇ! ಒಂದೊಂದು ಗುಣಕ್ಕೆ ಒಂದೊಂದು ಸ್ಥೂಲ ಪುರಾವೆ ಜೋಡಿಸಿ ಕಲಿಯಿರಿ. ದಿನಕ್ಕೊಂದರಂತೆ ಮೂರು ವಾರದೊಳಗೆ ಮುಗಿಯುತ್ತದೆ.

ಪ್ರಶ್ನೆ: ಹುಟ್ಟಿನಿಂದಲೇ ದೇವರ ಅರಿವು ಇರುತ್ತದೆ ಎನ್ನುತ್ತಾರೆ. ಹಾಗಿದ್ದರೆ ಪುರಾವೆಯ ಗೊಡವೆ ಏಕೆ?

30:30ರಲ್ಲಿ ಬರುವ ಫಿತ್ರಾ, ಅಂದರೆ ಹುಟ್ಟುಸ್ವಭಾವ, ಇದು. ಪ್ರತಿ ಮಗುವೂ ಫಿತ್ರಾದ ಮೇಲೆ ಹುಟ್ಟುತ್ತದೆ ಎಂಬ ಹದೀಸಿನಲ್ಲಿ ಪ್ರಾಣಿಯ ಹೋಲಿಕೆಯಿದೆ: ಪ್ರಾಣಿ ಅಂಗಾಂಗ ಪೂರ್ತಿಯಿರುವ ಮರಿ ಹಾಕುತ್ತದೆ, ಕಿವಿ ಕತ್ತರಿಸುವುದು ಆಮೇಲೆ ಮನುಷ್ಯ. ಇಬ್ನ್ ತೈಮಿಯ್ಯಾ (1263–1328) ಇದನ್ನು ಹಿಡಿದು, ದೇವರ ಅರಿವಿಗೆ ತರ್ಕ ಮೂಲವಲ್ಲ, ಫಿತ್ರಾ ಕೆಟ್ಟವರಿಗೆ ಮಾತ್ರ ಪುರಾವೆಯ ಚಿಕಿತ್ಸೆ ಬೇಕು ಎಂದರು. ಶೀರಾಝಿನ ಮುಲ್ಲಾ ಸದ್ರಾ (ನಿಧನ 1640) ಬೇರೆ ದಾರಿಯಲ್ಲಿ ಬಂದು ಹತ್ತಿರದ ಮಾತನ್ನೇ ಆಡಿದರು: ಅರಿಯುವುದು ಒಂದು, ಅರಿಯುತ್ತಿದ್ದೇನೆ ಎಂದು ಅರಿಯುವುದು ಇನ್ನೊಂದು. ಮೊದಲನೆಯದು ಎಲ್ಲರಲ್ಲೂ ಇದೆ. ಪಾಪ ಪುಣ್ಯ, ಸರಿ ತಪ್ಪಿನ ಮಾತೆಲ್ಲ ಹುಟ್ಟುವುದು ಎರಡನೆಯದರಲ್ಲಿ. ಹಾಗೆ ನೋಡಿದರೆ ಪುರಾವೆಯ ಕೆಲಸ ಇಲ್ಲದ್ದನ್ನು ತರುವುದಲ್ಲ, ಇರುವುದನ್ನು ಗಮನಕ್ಕೆ ತರುವುದು.

ಪ್ರಶ್ನೆ: ನಮಾಝಿನ ನಡುವೆಯೇ ಬಾಯಲ್ಲಿ ಹೇಳಲಾಗದಂಥ ಸಂಶಯ ಬರುತ್ತದೆ. ಈಮಾನ್ ಹೋಯಿತೇ?

ಇಲ್ಲ. ಬೇಡವೆಂದರೂ ನುಗ್ಗುವ ವಸ್‌ವಾಸ್ ಬೇರೆ, ಉತ್ತರ ಬೇಡುವ ಪ್ರಶ್ನೆ ಬೇರೆ. ಪ್ರಶ್ನೆಯಾದರೆ ಅದಕ್ಕೆ ಉತ್ತರ ಹುಡುಕಿ, ಮೇಲಿನ ಉತ್ತರಗಳು ಅದಕ್ಕಾಗಿಯೇ. ವಸ್‌ವಾಸ್ ಆದರೆ ಉತ್ತರ ಕೊಟ್ಟಷ್ಟೂ ಬೆಳೆಯುತ್ತದೆ; 'ನಿನ್ನ ಪ್ರಭುವನ್ನು ಸೃಷ್ಟಿಸಿದ್ದು ಯಾರು' ಎಂಬಲ್ಲಿಗೆ ಅದು ತಲುಪಿದರೆ ಅಲ್ಲಾಹನ ಅಭಯ ಬೇಡಿ ಅಲ್ಲಿಗೇ ನಿಲ್ಲಿಸಿ ಎಂದು ಬುಖಾರಿ, ಮುಸ್ಲಿಂ ಹದೀಸ್‌ಗಳಲ್ಲಿದೆ. ಪ್ರವಾದಿಯವರ ಸಂಗಾತಿಗಳಾದ ಸಹಾಬಿಗಳೇ ಬಂದು, ನಾಲಗೆಯ ಮೇಲೆ ತರಲೂ ಅಂಜುವಂಥ ಯೋಚನೆಗಳು ನಮ್ಮೊಳಗೆ ಬರುತ್ತವೆ ಎಂದು ಪ್ರವಾದಿ(ಸ)ಯವರಲ್ಲಿ ಹೇಳಿಕೊಂಡರು. ಹಾಗೆ ಅಂಜಿಕೆಯಾಗುತ್ತದೆಯೇ ಎಂದು ಅವರು ಕೇಳಿದರು. ಹೌದೆಂದರು. 'ಅದುವೇ ನಿಚ್ಚಳ ಈಮಾನ್' ಎಂದರು ಪ್ರವಾದಿ(ಸ).